ಮೂರನೆಯವರು ಬಂದರೆ ಮಾತು ಬಂದ್

ಶಿವಮೊಗ್ಗದಲ್ಲಿ ನಮ್ಮ ಬೀದಿಯ ಗಣಪತಿಗೆ ಚಂದಾ ಎತ್ತುವಾಗ ಎಲ್ಲ ತೀರ್ಮಾನವೂ ಕಟ್ಟೆ ಮೇಲೆ ಆಗುತ್ತಿತ್ತು. ಯಾರ ಮನೆಯಿಂದ ಎಷ್ಟು, ಯಾರನ್ನು ಯಾರು ಕೇಳಬೇಕು, ಜಿಪುಣರ ಮನೆ ಬಾಗಿಲಲ್ಲಿ ಯಾರನ್ನು ಮುಂದೆ ನಿಲ್ಲಿಸಬೇಕು, ಎಲ್ಲ ನಾಲ್ಕು ಜನ ಕೂತು ಮಾತಾಡಿಕೊಳ್ಳುತ್ತಿದ್ದೆವು. ರಸೀದಿ ಪುಸ್ತಕ ಹಿಡಿದು ಹೊರಟರೆ ಸಂಜೆಯೊಳಗೆ ಕೆಲಸ ಮುಗೀತು. ಅದೇ ಬುದ್ಧಿಯನ್ನು ಇಲ್ಲಿ ಶಿಕಾಗೋ ಪಕ್ಕದ ನಮ್ಮ ಊರಿನ ಲೈಬ್ರರಿಗೆ ಓಡಿಸಲು ಹೋಗಿ ಕಾನೂನಿನ ಬಾಲ ತುಳಿದೆ.

ಇಲಿನಾಯ್ ರಾಜ್ಯದ ಇಂಥ ಊರುಗಳಲ್ಲಿ ಲೈಬ್ರರಿ ನಡೆಸಲು ಏಳು ಜನ ಟ್ರಸ್ಟಿಗಳ ಬೋರ್ಡ್ ಇರುತ್ತದೆ. ಅವರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಸಂಬಳ ಇಲ್ಲ. 2023ರ ಏಪ್ರಿಲ್‌ನಲ್ಲಿ ನಾನೂ ನಿಂತೆ. ಎಷ್ಟು ಸೀಟು ಖಾಲಿ ಇತ್ತೋ ಅಷ್ಟೇ ಜನ ನಿಂತಿದ್ದೆವು, ಹಾಗಾಗಿ ಗೆದ್ದೆ. ಊರಿಗೆ ಫೋನ್ ಮಾಡಿ ಹೇಳುವಾಗ ಈ ವಿವರ ಬಿಟ್ಟಿದ್ದೆ.

ಲೈಬ್ರರಿಯ ದುಡ್ಡು ಬರುವುದು ಮುಖ್ಯವಾಗಿ ಮನೆ ತೆರಿಗೆಯಿಂದ. ನಿಮ್ಮ ಕಂದಾಯದ ರಸೀದಿಯಲ್ಲೂ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದಲ್ಲ, 1965ರ ನಮ್ಮ ಕರ್ನಾಟಕದ ಕಾಯ್ದೆಯಿಂದ ಬಂದದ್ದು, ಹಾಗೆಯೇ. ಸಂಬಳ, ಕರೆಂಟು, ಪುಸ್ತಕಕ್ಕೆ ಅದು ಸಾಕು. ಮಕ್ಕಳ ಕೋಣೆಗೆ ಹೊಸ ಮೇಜು, ಕುರ್ಚಿ ಬೇಕು ಅಂದರೆ ದಾನ ಕೇಳಬೇಕು.

ಚಂದಾ ಎತ್ತುವುದು ನನಗೆ ಗೊತ್ತು ಅಲ್ವಾ? ಒಂದು ಭಾನುವಾರ ಉಳಿದ ಆರೂ ಜನಕ್ಕೆ ಒಂದೇ ಇಮೇಲ್ ಹಾಕಿದೆ. ‘ಊರಿನ ದಂತವೈದ್ಯರನ್ನು ಯಾರು ಕೇಳುತ್ತೀರಿ? ಬ್ಯಾಂಕಿನವರನ್ನು?’ ಹತ್ತು ನಿಮಿಷದಲ್ಲಿ ಇಬ್ಬರು ಎಲ್ಲರಿಗೂ ಕಾಣುವಂತೆ ಉತ್ತರ ಕೊಟ್ಟರು. ಹನ್ನೊಂದನೇ ನಿಮಿಷಕ್ಕೆ ಲೈಬ್ರರಿ ಡೈರೆಕ್ಟರ್ ಫೋನ್ ಬಂತು. ದಯವಿಟ್ಟು ಇನ್ನೊಂದು ಅಕ್ಷರ ಟೈಪ್ ಮಾಡಬೇಡಿ ಅಂದರು.

ಇಲ್ಲಿ ಓಪನ್ ಮೀಟಿಂಗ್ಸ್ ಆಕ್ಟ್ ಅಂತ 1957ರ ಒಂದು ಕಾನೂನು ಇದೆ. ಸಾರ್ವಜನಿಕರ ಕೆಲಸವನ್ನು ಸಾರ್ವಜನಿಕರ ಎದುರಲ್ಲೇ ಮಾತಾಡಬೇಕು ಅನ್ನುತ್ತದೆ. ಏಳು ಜನರ ಬೋರ್ಡಿಗೆ ಕೋರಂ, ಅಂದರೆ ಮೀಟಿಂಗ್ ನಡೆಸಲು ಇರಲೇಬೇಕಾದ ಕನಿಷ್ಠ ಜನ, ನಾಲ್ಕು. ನಾಲ್ಕು ಜನ ಸೇರಿದರೆ ಮೀಟಿಂಗ್ ಅಂದುಕೊಂಡಿದ್ದೆ. ಇಲಿನಾಯ್ ಲೆಕ್ಕ ಇನ್ನೂ ಬಿಗಿ. ಕೋರಂನ ಬಹುಮತ ಸಾಕು, ಅಂದರೆ ಮೂರು. ಮೂವರು ಲೈಬ್ರರಿ ವಿಷಯ ಮಾತಾಡಿದರೆ ಅದು ಮೀಟಿಂಗ್. ಫೋನಿನಲ್ಲಾದರೂ, ಚಾಟ್‌ನಲ್ಲಾದರೂ, ಇಮೇಲ್‌ನಲ್ಲಿ ಹಿಂದೆ ಮುಂದೆ ಉತ್ತರ ಓಡಿದರೂ ಅಷ್ಟೇ. ಮಾಮೂಲಿ ಮೀಟಿಂಗಿಗೆ 48 ಗಂಟೆ ಮೊದಲು ಅಜೆಂಡಾ ಅಂಟಿಸಿರಬೇಕು, ಬಾಗಿಲು ತೆರೆದಿರಬೇಕು, ಬಂದವರಿಗೆ ಮಾತಾಡಲು ಅವಕಾಶ ಇರಬೇಕು. ತಪ್ಪಿದರೆ ಅದು ಅಪರಾಧ. 30 ದಿನದವರೆಗೆ ಜೈಲು, 1,500 ಡಾಲರ್‌ವರೆಗೆ ದಂಡ ಅಂತ ಬರೆದಿದೆ.

ಇದೆಲ್ಲ ನನಗೆ ಗೊತ್ತಿರಬೇಕಿತ್ತು. ಪ್ರಮಾಣ ಮಾಡಿದ 90 ದಿನದೊಳಗೆ ಪ್ರತಿ ಟ್ರಸ್ಟಿಯೂ ಈ ಕಾನೂನಿನ ಆನ್‌ಲೈನ್ ತರಬೇತಿ ಮುಗಿಸಬೇಕು. ಮುಗಿಸಿದ್ದೆ. ಅನ್ನಕ್ಕೆ ಇಟ್ಟು, ಕುಕ್ಕರ್ ಸೀಟಿ ಎಣಿಸುತ್ತಾ, ‘ಮುಂದೆ’ ಬಟನ್ ಒತ್ತುತ್ತಾ.

ನನ್ನನ್ನು ಯಾರೂ ಹಿಡಿಯಲು ಬರಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಆ ಮೂರೂ ಇಮೇಲ್‌ಗಳನ್ನು ಎಲ್ಲರೆದುರು ಓದಿ ಹೇಳಿ, ಚರ್ಚೆಯನ್ನು ಮೊದಲಿನಿಂದ ಶುರು ಮಾಡಿದೆವು. ಕಿವಿ ಬಿಸಿಯಾಯಿತು.

ಆಮೇಲೆ ಒಂದು ಜಾಣತನ ಮಾಡಿದೆವು. ಮೂವರ ಒಂದು ಪುಟ್ಟ ಸಮಿತಿ ಮಾಡೋಣ, ಸಲೀಸಾಗುತ್ತದೆ ಅಂದುಕೊಂಡೆವು. ಆದರೆ ಸಮಿತಿಗೂ ಅದೇ ಕಾನೂನು. ಮೂವರ ಸಮಿತಿಗೆ ಕೋರಂ ಎರಡು, ಎರಡರ ಬಹುಮತವೂ ಎರಡೇ! ಅಂದರೆ ಸಮಿತಿಯ ಇಬ್ಬರು ಒಂದೇ ಕಾರಿನಲ್ಲಿ ಹೋಗುತ್ತಾ ಚಂದಾ ಮಾತೆತ್ತಿದರೂ ಮೀಟಿಂಗ್. ಮೊದಲು ಮೂವರಿಗೆ ಬಾಯಿ ಕಟ್ಟಿತ್ತು, ಈಗ ಇಬ್ಬರಿಗೇ ಕಟ್ಟಿತು. ಎರಡು ತಿಂಗಳಲ್ಲಿ ಸಮಿತಿ ಬರಖಾಸ್ತು.

ದಾರಿ ಇದ್ದದ್ದು ಬೇರೆ ಕಡೆ. ಇಲ್ಲಿ ಬಹಳಷ್ಟು ಲೈಬ್ರರಿಗಳಿಗೆ ‘ಫ್ರೆಂಡ್ಸ್’ ಅಂತ ಒಂದು ಬಳಗ ಇರುತ್ತದೆ. ಅದು ಸರ್ಕಾರದ ಅಂಗ ಅಲ್ಲ, ಬೇರೆಯೇ ನೋಂದಣಿ, ಬೇರೆ ಬ್ಯಾಂಕ್ ಖಾತೆ. ನಮ್ಮಲ್ಲಿ ಅದನ್ನು ನಡೆಸುವವರು ನಿವೃತ್ತ ಟೀಚರಮ್ಮಂದಿರು. ಯಾರನ್ನು ಕೇಳಬೇಕು, ಎಷ್ಟು ಕೇಳಬೇಕು ಅಂತ ಅವರು ಕಾಫಿ ಕುಡಿಯುತ್ತಾ ಮಾತಾಡಬಹುದು. ನಮ್ಮ ಕಡೆಯಿಂದ ಒಬ್ಬರೇ ಒಬ್ಬ ಟ್ರಸ್ಟಿ ಅಲ್ಲಿಗೆ ಹೋಗುತ್ತಾರೆ. ಮೂವರು ಹೋಗಿ ಕೂತರೆ ಹಳೇ ಕಥೆ ಶುರು. ಐಟಿ ಕಂಪನಿಯ ನಮ್ಮ ಹುಡುಗರಿಗೆ ಇನ್ನೊಂದು ಅನುಕೂಲ. ನೀವು 100 ಡಾಲರ್ ಕೊಟ್ಟರೆ ಕಂಪನಿಯೂ 100 ಸೇರಿಸುವ ಪದ್ಧತಿ ಹಲವು ಕಡೆ ಇದೆ. ಅದಕ್ಕೆ ಬೇಕಾದ ಕಾಗದ ಪತ್ರ ಈ ಬಳಗದ ಹತ್ತಿರ ತಯಾರಿರುತ್ತದೆ.

ಹಾಗಾದರೆ ಬೋರ್ಡಿಗೇನು ಕೆಲಸ? ಏನೇನು ಬೇಕು, ಬೆಲೆ ಎಷ್ಟು, ಯಾವ ದಾನ ತೆಗೆದುಕೊಳ್ಳಬೇಕು, ಯಾವುದು ಬೇಡ, ಗೋಡೆ ಮೇಲೆ ಯಾರ ಹೆಸರು. ಇದನ್ನು ಮಾತ್ರ ತೆರೆದ ಮೀಟಿಂಗಿನಲ್ಲೇ ತೀರ್ಮಾನಿಸಬೇಕು. ಅದಾದ ಮೇಲೆ ಒಬ್ಬ ಟ್ರಸ್ಟಿ ಒಬ್ಬ ದಾನಿಯ ಮನೆಗೆ ಹೋಗಿ ಕೇಳುವುದಕ್ಕೆ ಅಡ್ಡಿ ಇಲ್ಲ. ಅಲ್ಲಿ ಏನಾಯಿತು ಅಂತ ಉಳಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಅಭಿಪ್ರಾಯ ಕೂಡಿಸುತ್ತಾ ಹೋಗಬಾರದು. ಸರಪಳಿ ಹಾಗೆ ಬೆಳೆದರೂ ಸಿಕ್ಕಿಬೀಳುತ್ತೇವೆ. ಕಾರ್ಡ್ ಇರುವವರ ಪಟ್ಟಿ ತೆಗೆದು ಚಂದಾ ಪತ್ರ ಹಾಕೋಣ ಅಂತಲೂ ನಾನು ಹೇಳಿದ್ದೆ. ಡೈರೆಕ್ಟರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಓದುಗರ ವಿವರ ಗುಟ್ಟಾಗಿಡಲು ಇಲ್ಲಿ ಬೇರೆಯೇ ಕಾನೂನು ಇದೆ.

ನನಗೆ ಇದೆಲ್ಲ ಅತಿಯಾಯಿತು ಅನಿಸಿದ್ದುಂಟು. ದಾನಿಯ ಮಾತನ್ನು ಬಾಗಿಲು ಮುಚ್ಚಿ ಆಡೋಣ ಅಂದರೆ ಅದಕ್ಕೂ ಪಟ್ಟಿ ಇದೆ. ಸಿಬ್ಬಂದಿ ವಿಷಯ, ಕೋರ್ಟು ಕೇಸು, ಜಾಗ ಕೊಳ್ಳುವುದು, ಹೀಗೆ. ದಾನಕ್ಕೆ ಒಪ್ಪುವ ಕಲಂ ನಮಗೆ ಅಲ್ಲಿ ಸಿಗಲಿಲ್ಲ. ದೊಡ್ಡ ಮನುಷ್ಯರ ಹೆಸರನ್ನು ಹೀಗೆ ಬೀದಿಗೆ ತಂದರೆ ಯಾರು ಕೊಡುತ್ತಾರೆ ಅಂತ ಗೊಣಗಿದೆ.

ಪ್ರತಿ ತಿಂಗಳು ಮುಂದಿನ ಸಾಲಲ್ಲಿ ಕೂರುವ ಒಬ್ಬ ವಯಸ್ಸಾದವರಿದ್ದಾರೆ. ಅಜೆಂಡಾವನ್ನು ಪಂಚಾಂಗದ ಹಾಗೆ ಓದುತ್ತಾರೆ. ಒಮ್ಮೆ ಒಬ್ಬ ಉದ್ಯಮಿಯ ದೊಡ್ಡ ದಾನ ಒಪ್ಪುವ ವಿಷಯ ಇತ್ತು. ಅವರು ಎದ್ದು, ಈ ಹೆಸರು ಕೆಳಗೆ ಎಂಟನೇ ವಿಷಯದಲ್ಲೂ ಇದೆಯಲ್ಲ ಅಂದರು. ಎಂಟನೆಯದು ಚಾವಣಿ ರಿಪೇರಿಯ ಟೆಂಡರು. ನಾವು ಏಳೂ ಜನ ಹಾಳೆ ತಿರುಗಿಸಿ ನೋಡಿದೆವು. ಕಟ್ಟೆ ಮೇಲೆ ಕೂತಿದ್ದರೆ ಆ ದುಡ್ಡು ಆಗಲೇ ಜೇಬಿಗೆ ಬಂದಿರುತ್ತಿತ್ತು. ಅವತ್ತು ಎರಡನ್ನೂ ಮುಂದಕ್ಕೆ ಹಾಕಿದೆವು.

ಕಳೆದ ಪುಸ್ತಕ ಮಾರಾಟದ ದಿನ ಹೆಂಡತಿಯೂ ಬಂದಿದ್ದಳು. ಟ್ರಸ್ಟಿಗಳು ಇಂಥ ಕಡೆ ಸೇರಬಹುದು, ನಗಬಹುದು, ಮೂವರಾದರೆ ಲೈಬ್ರರಿ ವ್ಯವಹಾರ ಮಾತ್ರ ಎತ್ತಬಾರದು. ನಾನು ಇನ್ನೊಬ್ಬ ಟ್ರಸ್ಟಿ ಜೊತೆ ಮಕ್ಕಳ ಕೋಣೆಯ ಕುರ್ಚಿ ಬಗ್ಗೆ ಮಾತಾಡುತ್ತಿದ್ದೆ. ಮೂರನೆಯವರು ಕಾಫಿ ಲೋಟ ಹಿಡಿದು ನಮ್ಮ ಕಡೆ ಬಂದವರು, ‘ಕುರ್ಚಿ’ ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಹಾಗೇ ತಿರುಗಿ ಅಡುಗೆ ಪುಸ್ತಕಗಳ ಕಡೆ ಹೋದರು.

“ಅವರಿಗೂ ನಿಮಗೂ ಜಗಳ ಏನ್ರೀ?” ಅಂದಳು ಹೆಂಡತಿ.