ಅಳತೆ ಕೇಳದೆ ಕೊಟ್ಟ ಕೌದಿ

ಕೌದಿ ಹೊಲಿಯುವುದು ನನ್ನ ವೃತ್ತಿ. ಹೊಸದನ್ನು ಹೊಲಿದುಕೊಡುತ್ತೇನೆ, ಹಳೆಯದನ್ನು ದುರಸ್ತಿ ಮಾಡುತ್ತೇನೆ. ಹದಿನಾರು ವರ್ಷಗಳಲ್ಲಿ ಗಿರಾಕಿಗಳಿಂದ ಮಾತು ಕೇಳಿಸಿಕೊಂಡಿದ್ದೇನೆ, ಮುಗಿಸಿಕೊಟ್ಟ ಕೆಲಸ ವಾಪಸು ಬಂದದ್ದಿದೆ, ಬಣ್ಣ ಬಿಟ್ಟ ಬಟ್ಟೆಗೆ ಕೈಯಿಂದ ಹಣ ತೆತ್ತದ್ದೂ ಇದೆ. ಅವೆಲ್ಲ ಆಯಾ ವಾರದಲ್ಲಿಯೇ ಮರೆತುಹೋದವು. ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿದು ಕೊರೆದದ್ದು ಉಡುಗೊರೆಯಾಗಿ ಕೊಟ್ಟ ಕೌದಿಗಳು.

ಆಪ್ತ ಗೆಳತಿಯೊಬ್ಬಳ ಮದುವೆಗೆಂದು ಒಂದು ಕೌದಿ ಹೊಲಿದಿದ್ದೆ. ನೀಲಿ ಚೌಕಗಳು, ನಾಲ್ಕು ಮೂಲೆಗಳಲ್ಲಿ ನಾಲ್ಕು ನಕ್ಷತ್ರ. ಮದುವೆಯಾಗಿ ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅವಳ ಮನೆಗೆ ಹೋದಾಗ ಗೋಡೆಗೆ ಬಣ್ಣ ಬಳಿಯುವ ಕೆಲಸ ನಡೆದಿತ್ತು. ನೆಲಕ್ಕೆ ಬಣ್ಣ ಬೀಳದಂತೆ ಹಾಸಿದ್ದು ನನ್ನ ಕೌದಿಯನ್ನು. ಬಿಳಿ ಹನಿಗಳು ನೀಲಿ ಚೌಕಗಳ ಮೇಲೆ ಬಿದ್ದು ಒಣಗಿ ಚಕ್ಕೆ ಎದ್ದಿದ್ದವು. ಬಲಮೂಲೆಯ ನಕ್ಷತ್ರದ ಎಂಟು ಮೊನೆಗಳೂ ಒಂದೇ ಬಿಂದುವಿನಲ್ಲಿ ಕೂಡಬೇಕೆಂದು ನಾನು ಅದನ್ನು ಮೂರು ಸಲ ಬಿಚ್ಚಿ ಹೊಲಿದಿದ್ದೆ. ಏಣಿಯ ಒಂದು ಕಾಲು ಸರಿಯಾಗಿ ಆ ಬಿಂದುವಿನ ಮೇಲೆ ಊರಿತ್ತು.

“ಬಾರೇ, ಆ ಕಡೆಯಿಂದ ಬಾ, ಕಾಲಿಗೆ ಬಣ್ಣ ಹತ್ತೀತು” ಎಂದು ಗೆಳತಿ ಅಕ್ಕರೆಯಿಂದಲೇ ಕರೆದಳು. ನಾನು ಏನನ್ನು ನೋಡುತ್ತಿದ್ದೇನೆ ಎಂಬುದು ಅವಳ ಗಮನಕ್ಕೇ ಬರಲಿಲ್ಲ. ಹತ್ತು ನಿಮಿಷ ಕೂತು ಎದ್ದು ಬಂದೆ. ಆಮೇಲೆ ನಾಲ್ಕು ತಿಂಗಳು ಅವಳಿಗೆ ಫೋನ್ ಮಾಡಲಿಲ್ಲ.

ಕೊನೆಗೆ ಅವಳೇ ಬಂದು ಕಾರಣ ಕೇಳಿದಳು. ಹೇಳಿದೆ. ಅವಳು ನಿಜವಾಗಿಯೂ ಬೆಚ್ಚಿದಳು. “ನೀನೇ ಬರೆದುಕೊಟ್ಟಿದ್ದೆಯಲ್ಲ, ಎತ್ತಿಡಬೇಡ, ಒರಟಾಗಿ ಬಳಸು, ಎಷ್ಟು ಒಗೆದರೂ ಬಾಳುತ್ತದೆ ಎಂದು?” ಹೌದು, ಉಡುಗೊರೆಯ ಜೊತೆಗಿಟ್ಟ ಚೀಟಿಯಲ್ಲಿ ಹಾಗೆಯೇ ಬರೆದಿದ್ದೆ. ಅವರ ಮಂಚ ಇಬ್ಬರದು, ನನ್ನ ಕೌದಿ ಒಬ್ಬರ ಅಳತೆಯದು. ಹೊದೆಯಲು ಸಾಲದು, ಹಾಸಲು ಕಿರಿದು. ಎರಡು ವರ್ಷ ಕಪಾಟಿನಲ್ಲಿ ಜಾಗ ಹಿಡಿದುಕೊಂಡಿದ್ದ ಅದಕ್ಕೆ ಅವಳು ಕಂಡುಕೊಂಡ ಮೊದಲ ಉಪಯೋಗ ಅದಾಗಿತ್ತು.

ಈ ಮಾತನ್ನು ನಾನು ಕಾರ್ಯಾಗಾರದಲ್ಲಿ ಹೇಳಿಕೊಂಡಾಗ ನನ್ನ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗಿ ಸೂಜಿಯಿಂದ ಕಣ್ಣು ತೆಗೆಯದೆ ಕೇಳಿದಳು: “ಅಕ್ಕಾ, ಗಿರಾಕಿಗಳಿಗೆ ಅಷ್ಟೊಂದು ಪ್ರಶ್ನೆ ಕೇಳುತ್ತೀರಿ. ಮಂಚದ ಅಳತೆಯನ್ನು ನಿಮ್ಮ ಗೆಳತಿಗೆ ಯಾಕೆ ಕೇಳಲಿಲ್ಲ?”

ನನ್ನ ಬಳಿ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಆರ್ಡರ್ ಪುಸ್ತಕ ತೆಗೆದು ಕೂತೆ. ಗಿರಾಕಿ ಬಂದರೆ ಮೊದಲ ಇಪ್ಪತ್ತು ನಿಮಿಷ ನಾನು ಬಟ್ಟೆಯನ್ನೇ ತೋರಿಸುವುದಿಲ್ಲ. ಯಾರು ಹೊದೆಯುತ್ತಾರೆ? ಮಂಚದ ಅಗಲ ಎಷ್ಟು, ಪಕ್ಕಗಳಲ್ಲಿ ಎಷ್ಟು ಇಳಿಬೀಳಬೇಕು? ಒಗೆಯುವವರು ಯಾರು, ಕೈಯಲ್ಲೋ ಯಂತ್ರದಲ್ಲೋ? ಮನೆಯಲ್ಲಿ ನಾಯಿ ಬೆಕ್ಕು ಇವೆಯೇ? ಉಣ್ಣೆ ಮೈಗೆ ಒಗ್ಗುತ್ತದೆಯೇ? ಭಾರ ಇಷ್ಟವೋ ಹಗುರ ಇಷ್ಟವೋ? ಕಂಡರಾಗದ ಬಣ್ಣ ಯಾವುದು? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಇಷ್ಟದ ಬಣ್ಣ ಕೇಳಿದರೆ ಜನ ಯೋಚಿಸಿ ಹೇಳುತ್ತಾರೆ, ಆಗದ ಬಣ್ಣವನ್ನು ಥಟ್ಟನೆ ಹೇಳುತ್ತಾರೆ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪುಟ ತುಂಬಿದೆ. ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಉಡುಗೊರೆಗಳ ಪಟ್ಟಿ. ಇಪ್ಪತ್ತಮೂರು ಹೆಸರು. ಪ್ರತಿ ಹೆಸರಿನ ಮುಂದೆ ನಾನು ಆರಿಸಿದ ವಿನ್ಯಾಸ, ನನಗೆ ಹಿಡಿಸಿದ ಬಣ್ಣ, ಮುಗಿಸಿದ ದಿನಾಂಕ. ಅವರದೆಂದು ಹೇಳಬಹುದಾದ ಒಂದು ಮಾತೂ ಆ ಹಾಳೆಗಳಲ್ಲಿ ಇರಲಿಲ್ಲ. ಹಣ ಕೊಡುವ ಅಪರಿಚಿತರಿಗೆ ತೋರಿಸಿದ ಮರ್ಯಾದೆಯನ್ನು ನಾನು ನನ್ನವರಿಗೆ ತೋರಿಸಿರಲಿಲ್ಲ. ಅಚ್ಚರಿಗೊಳಿಸುವ ಆಸೆಯಲ್ಲಿ ಅವರನ್ನು ಕೇಳುವುದನ್ನೇ ಬಿಟ್ಟಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ಆದರೂ ನೋವು ನೋವೇ. ಶ್ರಮದ ಲೆಕ್ಕ ಗೊತ್ತಿರುವುದು ಮಾಡಿದವರಿಗೆ ಮಾತ್ರ. ಒಂದೂವರೆ ಮೀಟರ್ ಅಗಲ, ಎರಡೂಕಾಲು ಮೀಟರ್ ಉದ್ದದ ಕೌದಿಗೆ ಐದೈದು ಸೆಂಟಿಮೀಟರಿಗೆ ಒಂದರಂತೆ ಹೊಲಿಗೆಯ ಸಾಲು ಹಾಕಿದರೆ ಉದ್ದಕ್ಕೆ 29, ಅಡ್ಡಕ್ಕೆ 44 ಸಾಲುಗಳಾಗುತ್ತವೆ. ಒಟ್ಟು 131 ಮೀಟರ್. ಸೆಂಟಿಮೀಟರಿಗೆ ಮೂರು ಹೊಲಿಗೆ ಎಂದರೂ 39 ಸಾವಿರ ದಾಟುತ್ತದೆ. ಮೇಲಿನ ಚೂರುಗಳನ್ನು ಕತ್ತರಿಸಿ ಜೋಡಿಸಿದ್ದು, ನಡುವೆ ಹತ್ತಿಯ ಪದರ ಹಾಸಿದ್ದು, ಅಡಿಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಕಟ್ಟಿದ್ದು, ಅಂಚುಪಟ್ಟಿ ಮಡಚಿ ಹೊಲಿದದ್ದು ಇದರಲ್ಲಿ ಸೇರಿಲ್ಲ. ಮತ್ತು ಒಳ್ಳೆಯ ಹೊಲಿಗೆಯ ಗುಣವೇ ಕಣ್ಣಿಗೆ ಚುಚ್ಚದಿರುವುದು. ಒಂದು ಹೊಲಿಗೆ ಸೊಟ್ಟಗಾದರೆ ಎಲ್ಲರಿಗೂ ಕಾಣುತ್ತದೆ, 39 ಸಾವಿರ ನೆಟ್ಟಗಿದ್ದರೆ ಬರೀ ಒಂದು ಹೊದಿಕೆ ಕಾಣುತ್ತದೆ. ಕಾಣದಂತೆ ಮಾಡಲು ವರ್ಷಗಟ್ಟಲೆ ಕೈ ಪಳಗಿಸಿಕೊಂಡು, ಅದು ಯಾರಿಗೂ ಕಾಣಲಿಲ್ಲವೆಂದು ನಾನು ಕೊರಗುತ್ತಿದ್ದೆ.

ಈ ವಿಷಯದ ಮೇಲೆ ಒಂದು ಅಧ್ಯಯನವಿದೆ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದು. ಓರಿಗಾಮಿ ಗೊತ್ತಿಲ್ಲದವರ ಕೈಯಲ್ಲಿ ಕಾಗದದ ಕೊಕ್ಕರೆ, ಕಪ್ಪೆಗಳನ್ನು ಮಡಿಸಲು ಹೇಳಿ, ಅವುಗಳಿಗೆ ಬೆಲೆ ಕಟ್ಟಿಸಿದರು. ಮಡಿಸಿದವರು ತಮ್ಮದಕ್ಕೆ ಕಟ್ಟಿದ ಬೆಲೆ ನುರಿತವರು ಮಡಿಸಿದ್ದರ ಬೆಲೆಯ ಹತ್ತಿರ ಹತ್ತಿರ ಇತ್ತು. ಅದೇ ಕೊಕ್ಕರೆಗೆ ಬೇರೆಯವರು ಕಟ್ಟಿದ್ದು ಅದರ ಕಾಲುಭಾಗಕ್ಕೂ ಕಡಿಮೆ. ಮೊದಲ ಸಲ ಓದಿದಾಗ ನನಗೆ ಅವಮಾನವಾದಂತೆ ಆಯಿತು. ನಾನು ನುರಿತವಳು, ನನ್ನದು ಅನನುಭವಿಯ ಕಾಗದದ ಕಪ್ಪೆಯಲ್ಲ ಎಂದುಕೊಂಡೆ. ಹಾಗಿದ್ದರೂ ಒಂದು ಮಾತು ನಿಜ: ಕೈ ಸವೆಸಿದವರ ಕಣ್ಣಿಗೂ ಕೈಗೆ ಬಂದದ್ದನ್ನು ನೋಡುವವರ ಕಣ್ಣಿಗೂ ನಡುವೆ ಅಂತರ ಇದ್ದೇ ಇರುತ್ತದೆ. ಆ ಅಂತರ ದ್ವೇಷದಿಂದ ಹುಟ್ಟಿದ್ದಲ್ಲ, ತಾತ್ಸಾರದಿಂದ ಹುಟ್ಟಿದ್ದೂ ಅಲ್ಲ.

ಇನ್ನೊಂದು ಪ್ರಸಂಗ ನನ್ನನ್ನು ಇದಕ್ಕಿಂತ ಹೆಚ್ಚು ಅಲುಗಾಡಿಸಿತು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿ ಇದೆ. ಗುಲಾಮಗಿರಿಯಿಂದ ಬಿಡುಗಡೆ ಪಡೆದವರ ವಂಶದ ಹೆಂಗಸರು ಅಲ್ಲಿ ಸವೆದ ಕೆಲಸದ ಪ್ಯಾಂಟು, ಅಂಗಿಗಳ ತುಂಡುಗಳಿಂದ ಚಳಿಗೆಂದು ಕೌದಿ ಹೊಲಿಯುತ್ತಿದ್ದರು. ಅನ್ನಿ ಮೇ ಯಂಗ್ ಎಂಬಾಕೆಯ ಒಂದು ಕೌದಿ ಸೌದೆಯ ರಾಶಿಯ ಮೇಲೆ ಹರವಿದ್ದ ಫೋಟೊ ನೋಡಿ, ವಿಲಿಯಂ ಆರ್ನೆಟ್ ಎಂಬ ಕಲಾಸಂಗ್ರಾಹಕ ಅದನ್ನು ಹುಡುಕಿಕೊಂಡು ಆಕೆಯ ಮನೆಗೇ ಹೋದ. ಆಕೆ ಅದರ ಹಿಂದಿನ ವಾರ ತಾನೇ ಕೆಲವು ಕೌದಿಗಳನ್ನು ಸುಟ್ಟಿದ್ದಳು, ಹತ್ತಿಬಟ್ಟೆಯ ಹೊಗೆಗೆ ಸೊಳ್ಳೆ ಓಡುತ್ತವೆ ಎಂದು. ಫೋಟೊದಲ್ಲಿದ್ದದ್ದೂ ಸುಟ್ಟುಹೋಗಿರಬೇಕು ಎಂದೇ ಆಕೆ ಮೊದಲು ಎಣಿಸಿದಳು. ಮಾರನೆಯ ದಿನ ಮನೆಯಲ್ಲೆಲ್ಲ ಹುಡುಕಿದಾಗ ಸಿಕ್ಕಿತು. ಅದನ್ನು ಆತನಿಗೆ ಸುಮ್ಮನೆ ಕೊಡಲು ಹೊರಟಳು. ಆ ಹಳ್ಳಿಯ ಕೌದಿಗಳು 2002ರಲ್ಲಿ ಹ್ಯೂಸ್ಟನ್ ಲಲಿತಕಲಾ ಸಂಗ್ರಹಾಲಯದ ಗೋಡೆಗೇರಿದವು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದವು.

ಹೊಲಿದ ಕೈಯೇ ಕೌದಿಗಳನ್ನು ಸುಟ್ಟಿತು. ಆಕೆಗೆ ತನ್ನ ಕೆಲಸದ ಮೇಲೆ ಗೌರವ ಇರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೌದಿ ಆಕೆಗೆ ಚಳಿಗೆ ಹೊದೆಯುವ ವಸ್ತು, ಸವೆದಾಗ ಸೊಳ್ಳೆ ಓಡಿಸುವ ವಸ್ತು. ಗೆಳತಿಯ ಮನೆಯ ಏಣಿಯ ಕಾಲನ್ನು ಈ ಕಥೆ ಓದಿದ ಮೇಲೆ ಬೇರೆ ರೀತಿಯಲ್ಲಿ ನೋಡಲು ನನಗೆ ಸಾಧ್ಯವಾಯಿತು.

ಎಲ್ಲ ನೋವೂ ಹೀಗೆ ಬಗೆಹರಿಯುತ್ತದೆ ಎಂದು ನಾನು ಹೇಳುವುದಿಲ್ಲ. ಬೇಕೆಂದೇ ಚುಚ್ಚುವವರಿದ್ದಾರೆ. ಸಂಬಂಧಿಕರೊಬ್ಬರು ನಾಲ್ಕು ಜನರ ಮುಂದೆ ನನ್ನ ಕೌದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಅಂಗಡಿಯಲ್ಲಿ ಇದಕ್ಕಿಂತ ಚೆನ್ನಾಗಿರುವುದು ಸಿಗುತ್ತದೆ” ಎಂದರು. ಆ ಕ್ಷಣಕ್ಕೆ ಗಂಟೆಗಳ ಲೆಕ್ಕ, ಹೊಲಿಗೆಯ ಲೆಕ್ಕ ಎಲ್ಲ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ವಾದ ಮಾಡಿ ಪಡೆದ ಹೊಗಳಿಕೆಯನ್ನು ಇಟ್ಟುಕೊಂಡು ನಾನೇನು ಮಾಡಲಿ? ಅವರಿಗೆ ಮತ್ತೆ ಏನನ್ನೂ ಹೊಲಿದುಕೊಟ್ಟಿಲ್ಲ. ಕೊಟ್ಟದ್ದನ್ನು ವಾಪಸು ಕೇಳಿಲ್ಲ, ಅದು ಈಗ ಎಲ್ಲಿದೆಯೆಂದು ವಿಚಾರಿಸಿಲ್ಲ. ಅಲ್ಲಿಗೆ ಅದು ಮುಗಿಯಿತು.

ಇದಕ್ಕೆ ತೀರಾ ವಿರುದ್ಧವಾದದ್ದೂ ದುರಸ್ತಿಯ ಮೇಜಿಗೆ ಬರುತ್ತದೆ. ಅತಿಯಾದ ಗೌರವದಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹತ್ತಾರು ವರ್ಷ ಬಿಚ್ಚದೆ ಇಟ್ಟ ಕೌದಿಗಳು. ಒಳಗೆ ತೇವ ಸಿಕ್ಕಿಕೊಂಡು ಬೂಷ್ಟು ಹಿಡಿದಿರುತ್ತದೆ, ಒಂದೇ ಗೆರೆಯಲ್ಲಿ ಮಡಚಿದ್ದಕ್ಕೆ ಆ ಗೆರೆಯುದ್ದಕ್ಕೂ ಎಳೆ ಸೀಳಿರುತ್ತದೆ. ಬಹಳ ಹಳೆಯವಾದರೆ ಕಂದು ತುಂಡುಗಳೇ ಮೊದಲು ಪುಡಿಯಾಗುತ್ತವೆ, ಹಿಂದಿನ ಕಾಲದ ಕಂದು ಬಣ್ಣಕ್ಕೆ ಹಾಕುತ್ತಿದ್ದ ಕಬ್ಬಿಣದ ಅಂಶ ನೂಲನ್ನೇ ತಿನ್ನುತ್ತದೆ. ತಂದವರ ಕಣ್ಣಲ್ಲಿ ನೀರಿರುತ್ತದೆ. “ಒಂದು ದಿನವೂ ಬಳಸಲಿಲ್ಲ, ಅಷ್ಟು ಜೋಪಾನ ಮಾಡಿದ್ದೆವು” ಎನ್ನುತ್ತಾರೆ. ಪ್ರೀತಿ ಇದ್ದೂ ಕೌದಿ ಹಾಳಾದದ್ದನ್ನು ಇಷ್ಟು ಸಲ ನೋಡಿದ ಮೇಲೆ, ಹಾಳಾದ ಕೌದಿ ಕಂಡ ಕೂಡಲೇ ಅಲ್ಲಿ ಪ್ರೀತಿ ಇರಲಿಲ್ಲ ಎಂದು ತೀರ್ಮಾನಿಸುವುದನ್ನು ನಿಲ್ಲಿಸಿದ್ದೇನೆ.

ಈಗ ನನ್ನ ಕೆಲಸದ ಕ್ರಮ ಬದಲಾಗಿದೆ. ಯಾರಿಗಾದರೂ ಹೊಲಿದುಕೊಡುವ ಮನಸ್ಸಾದರೆ ಮೊದಲು ಕೇಳುತ್ತೇನೆ, ಬೇಕೇ ಎಂದು. ಬೇಡ ಎನ್ನಲು ಅವರಿಗೆ ಸುಲಭವಾಗುವ ಹಾಗೆ ಕೇಳುತ್ತೇನೆ. ಬೇಕೆಂದರೆ ಗಿರಾಕಿಗೆ ಕೇಳುವ ಅಷ್ಟೂ ಪ್ರಶ್ನೆ ಕೇಳಿ, ಬಟ್ಟೆಯ ಚೂರುಗಳನ್ನು ಅವರ ಮುಂದೆ ಹರಡುತ್ತೇನೆ. ತಾವೇ ಆರಿಸಿದ ಒಂದು ತುಂಡು ಒಳಗಿದ್ದರೆ ಅವರು ಅದನ್ನು ಹುಡುಕಿ ನೋಡುತ್ತಾರೆ, ಹುಡುಕುವಾಗ ಉಳಿದ ತುಂಡುಗಳೂ ಕಣ್ಣಿಗೆ ಬೀಳುತ್ತವೆ. ಹಿಂಬದಿಯ ಮೂಲೆಯಲ್ಲಿ ಒಂದು ಪಟ್ಟಿ ಹೊಲಿಯುತ್ತೇನೆ: ಯಾರಿಗೆ, ಯಾರಿಂದ, ಯಾವ ವರ್ಷ, ಹೇಗೆ ಒಗೆಯಬೇಕು. ಕೊಡುವಾಗ ಕಾಗದ ಸುತ್ತಿ ಕೈಗಿಟ್ಟು ಅವರ ಮುಖವನ್ನೇ ನೋಡುತ್ತ ನಿಲ್ಲುವುದಿಲ್ಲ. ಆ ಅರೆನಿಮಿಷದಲ್ಲಿ ಆರು ತಿಂಗಳ ಕೆಲಸಕ್ಕೆ ಸಮನಾದ ಸಂತೋಷವನ್ನು ತೋರಿಸಲು ಯಾವ ಮುಖಕ್ಕೂ ಆಗುವುದಿಲ್ಲ. ಬದಲಿಗೆ ನಾನೇ ಬಿಚ್ಚಿ ಹರವಿ ಒಂದೇ ಒಂದು ಜಾಗ ತೋರಿಸುತ್ತೇನೆ: “ಇಲ್ಲಿ ನೋಡಿ, ಈ ಎಂಟು ಮೊನೆ ಕೂಡುವುದು ಕಷ್ಟದ ಕೆಲಸ.” ಜನ ಬಗ್ಗಿ ನೋಡುತ್ತಾರೆ, ಬೆರಳಿಟ್ಟು ಸವರುತ್ತಾರೆ. ಅವರಿಗೆ ನೋಡಲು ಬಾರದೆ ಹೋದದ್ದನ್ನು ಇಷ್ಟು ದಿನ ನೋಡಲು ಮನಸ್ಸಿಲ್ಲ ಎಂದು ತಿಳಿದಿದ್ದೆನಲ್ಲ ಎನ್ನಿಸುತ್ತದೆ.

ಇನ್ನೊಂದು ಮಾತು ಸೇರಿಸಿ ಕೊಡುತ್ತೇನೆ: ಬೇಡವೆನ್ನಿಸಿದ ದಿನ ನನಗೇ ಕೊಡಿ, ಕಾರಣ ಕೇಳುವುದಿಲ್ಲ. ಹೀಗೆ ಎರಡು ವಾಪಸು ಬಂದಿವೆ. ಮೊದಲನೆಯದು ಬಂದ ದಿನ ಸಂಕಟವಾಯಿತು, ಸುಳ್ಳು ಹೇಳಲಾರೆ. ಎರಡನೆಯದು ಈಗ ಕಲಿಯುವವರಿಗೆ ಮಾದರಿಯಾಗಿ ಮೇಜಿನ ಮೇಲಿದೆ.

ಮೆಚ್ಚುಗೆಯ ಹಸಿವು ಇಷ್ಟಕ್ಕೇ ತೀರುವುದಿಲ್ಲ, ತೀರಬೇಕಾಗಿಯೂ ಇಲ್ಲ. ಅದಕ್ಕೆ ನಾವು ಕಾರ್ಯಾಗಾರದಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಮುಗಿದ ಪ್ರತಿಯೊಂದು ಕೌದಿಯೂ ಹೊರಗೆ ಹೋಗುವ ಮೊದಲು ಒಂದು ದಿನ ಗೋಡೆಯ ಮೇಲೆ ತೂಗುತ್ತದೆ. ಕೆಲಸ ಬಲ್ಲವರು ಹತ್ತಿರ ಬಂದು ಕೂಡುಗೆರೆ ಮುಟ್ಟುತ್ತಾರೆ, ಹಿಂದುಮುಂದು ತಿರುಗಿಸುತ್ತಾರೆ, “ಈ ಮೂಲೆ ಹೇಗೆ ತಿರುಗಿಸಿದಿರಿ?” ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಯಲ್ಲಿ ನನ್ನ ಹಸಿವು ಇಂಗುತ್ತದೆ. ಆಮೇಲೆ ಅದು ಯಾರ ಮನೆಗೆ ಹೋದರೂ ನಾನು ಹಗುರವಾಗಿಯೇ ಕಳಿಸುತ್ತೇನೆ.

ಕಳೆದ ತಿಂಗಳು ಅಕ್ಕನ ಮಗ ಓದಿಗೆಂದು ದೂರದ ಊರಿಗೆ ಹೊರಟ. ಅವನಿಗೆಂದು ನಾನು ಮನಸ್ಸಿನಲ್ಲಿಯೇ ಎಳೆಹಸಿರು ಬಟ್ಟೆ ಎತ್ತಿಟ್ಟಿದ್ದೆ. ಆದರೂ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಿಕ್ಕಮ್ಮ, ಹಾಸ್ಟೆಲಿನಲ್ಲಿ ಕೌದಿ ಒಗೆದು ಒಣಗಿಸಲು ಜಾಗ ಇಲ್ಲ. ಲ್ಯಾಪ್‌ಟಾಪ್ ಇಡಲು ಒಂದು ಚೀಲ ಹೊಲಿದುಕೊಡುತ್ತೀರಾ?” ಎಂದ. ಅಳತೆ ತೆಗೆದುಕೊಂಡೆ, ಒಳಗೆ ದಪ್ಪ ಪದರ ಇಟ್ಟೆ. ಅವನದು ಎಡಗೈ, ಅದಕ್ಕೆ ಜಿಪ್ಪನ್ನು ಬಲದಿಂದ ಎಡಕ್ಕೆ ತೆರೆಯುವ ಹಾಗೆ ಕೂರಿಸಿದೆ. ಎರಡು ಸಂಜೆಯ ಕೆಲಸ. ಎಳೆಹಸಿರು ಬಟ್ಟೆ ಇನ್ನೂ ಕಪಾಟಿನಲ್ಲಿಯೇ ಇದೆ.