ಅಪೀಲು ಮೇಲಿರುವಾಗ ಕೆಳಗೆ ವಿಚಾರಣೆ ಯಾಕೆ?

ಕರೆನ್ ರೀಡ್ ಕೇಸಿನ ಬಗ್ಗೆ ಗೆಳೆಯರೆಲ್ಲ ನನ್ನನ್ನು ಕೇಳಿದ್ದು ಒಂದೇ: ಆಕೆ ಕೊಂದಿದ್ದು ಹೌದಾ, ಅಲ್ವಾ? ಡಿಫೆನ್ಸ್ ವಕೀಲರೊಬ್ಬರ ಆಫೀಸಿನಲ್ಲಿ ಅರ್ಜಿ ಟೈಪ್ ಮಾಡಿಕೊಂಡಿರುವ ನನ್ನ ತಲೆ ತಿಂದದ್ದು ಬೇರೆ ಪ್ರಶ್ನೆ. ಮೇಲಿನ ಕೋರ್ಟುಗಳಲ್ಲಿ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಕೆಳಗೆ ಎರಡನೇ ವಿಚಾರಣೆಗೆ ಅಷ್ಟು ಅವಸರ ಯಾಕೆ?

ಆಗಿದ್ದು ಇಷ್ಟು. 2022ರ ಜನವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್‌ನಲ್ಲಿ ಬಾಸ್ಟನ್ ಪೊಲೀಸ್ ಅಧಿಕಾರಿಯೊಬ್ಬರು ತೀರಿಕೊಂಡರು. ಗೆಳತಿ ರೀಡ್ ಮೇಲೆ ಕೊಲೆ ಸೇರಿ ಮೂರು ಆರೋಪ ಬಂತು. 2024ರ ಜುಲೈ 1ರಂದು ಜ್ಯೂರಿ (ತೀರ್ಪು ಹೇಳುವ ಜನಸಾಮಾನ್ಯರ ತಂಡ) ಒಮ್ಮತಕ್ಕೆ ಬರದೆ ಮಿಸ್‌ಟ್ರಯಲ್ ಆಯಿತು, ಅಂದರೆ ತೀರ್ಪಿಲ್ಲದೆ ವಿಚಾರಣೆ ಮುರಿದುಬಿತ್ತು. ಆಮೇಲೆ ಕೆಲವು ಜ್ಯೂರಿ ಸದಸ್ಯರು ಬಾಯಿ ಬಿಟ್ಟರು: ಕೊಲೆ ಮತ್ತು ಇನ್ನೊಂದು ಆರೋಪದಲ್ಲಿ ಆಕೆ ತಪ್ಪಿತಸ್ಥೆ ಅಲ್ಲ ಅಂತ ನಾವೆಲ್ಲ ಒಪ್ಪಿದ್ದೆವು! ಹಾಗಾದರೆ ಆ ಎರಡು ಆರೋಪಕ್ಕೆ ಮತ್ತೆ ಕಟಕಟೆಗೆ ಕರೆಯುವುದು ಡಬಲ್ ಜೆಪರ್ಡಿ (ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ) ಅಲ್ವಾ ಎಂದು ರೀಡ್ ವಕೀಲರು ಹೋರಾಡಿದರು. ತೀರ್ಪನ್ನು ಕೋರ್ಟಿನಲ್ಲಿ ಎಲ್ಲರೆದುರು ಹೇಳಿಲ್ಲ, ಹಾಗಾಗಿ ಅದು ತೀರ್ಪೇ ಅಲ್ಲ ಎಂದು 2025ರ ಫೆಬ್ರವರಿಯಲ್ಲಿ ರಾಜ್ಯದ ಸರ್ವೋಚ್ಚ ಕೋರ್ಟು ಹೇಳಿತು. ರೀಡ್ ವಕೀಲರು ಫೆಡರಲ್ (ಕೇಂದ್ರದ) ಕೋರ್ಟಿಗೆ ಹೋದರು. ಅಲ್ಲೂ ಆಗಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಅರ್ಜಿ ತಳ್ಳಿಹಾಕಿದ್ದು ಏಪ್ರಿಲ್ 28ರಂದು. ಎರಡನೇ ವಿಚಾರಣೆಗೆ ಜ್ಯೂರಿ ಆಯ್ಕೆ ಏಪ್ರಿಲ್ 1ಕ್ಕೇ ಶುರುವಾಗಿತ್ತು.

ಇದು ನನಗೆ ಸರಿಕಾಣುವುದಿಲ್ಲ. ಬೇರೆ ಅಪೀಲುಗಳಲ್ಲಿ ವಿಚಾರಣೆ ಮುಗಿಸಿಕೊಂಡು ಮೇಲೆ ಹೋಗಬಹುದು, ತಪ್ಪಾಗಿದ್ದರೆ ಶಿಕ್ಷೆ ರದ್ದಾಗುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿರುವ ಹಕ್ಕೇ ಎರಡನೇ ಸಲ ಕಟಕಟೆ ಹತ್ತದಿರುವ ಹಕ್ಕು. ಹತ್ತಿಸಿದ ಮೇಲೆ ಗೆದ್ದು ಏನು ಬಂತು? ಆಬ್ನೀ ಕೇಸಿನಲ್ಲಿ ಸುಪ್ರೀಂ ಕೋರ್ಟು 1977ರಲ್ಲೇ ಇದನ್ನು ಒಪ್ಪಿದೆ. ಡಬಲ್ ಜೆಪರ್ಡಿ ಅರ್ಜಿ ವಜಾ ಆದರೆ, ವಿಚಾರಣೆಗೆ ಮೊದಲೇ ಅಪೀಲು ಹೋಗಬಹುದು.

ಫೆಡರಲ್ ಕೋರ್ಟುಗಳಲ್ಲಿ ಹಾಗೆ ಅಪೀಲು ಹೋದರೆ ಕೆಳಗಿನ ವಿಚಾರಣೆ ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಅಪೀಲಿನಲ್ಲಿ ಹುರುಳಿಲ್ಲ, ಸುಮ್ನೆ ಕಾಲ ತಳ್ಳುವ ಆಟ ಎಂದು ಜಡ್ಜ್ ಕಾರಣ ಕೊಟ್ಟು ಬರೆದರೆ, ವಿಚಾರಣೆ ಮುಂದುವರಿಸಬಹುದು. ಜ್ಯೂರಿ ಒಮ್ಮತಕ್ಕೆ ಬರದ ಕೇಸುಗಳು ಸಿಕ್ಕಿಬೀಳುವುದು ಇಲ್ಲೇ. ಜ್ಯೂರಿ ಒಪ್ಪದಿದ್ದರೆ ಮರುವಿಚಾರಣೆಗೆ ಅಡ್ಡಿಯಿಲ್ಲ ಎಂಬ ಮಾತು 1824ರ ಪೆರೆಜ್ ಕೇಸಿನಿಂದ ಬಂದಿದೆ. 1984ರ ರಿಚರ್ಡ್‌ಸನ್ ಕೇಸು ಅದನ್ನು ಇನ್ನೂ ಗಟ್ಟಿ ಮಾಡಿತು. ಪ್ರಾಸಿಕ್ಯೂಷನ್ (ಸರ್ಕಾರಿ ವಕೀಲರ ಕಡೆ) ಬೇಕಂತಲೇ ಕೆಣಕಿ, ಆರೋಪಿಯೇ ಮಿಸ್‌ಟ್ರಯಲ್ ಕೇಳುವಂತೆ ಮಾಡಿತು ಎನ್ನುವ ಕೇಸಾದರೆ ವಾದಕ್ಕೆ ಜಾಗ ಜಾಸ್ತಿ. 1982ರ ಆರೆಗನ್ ಕೇಸು ಅದೇ ಜಾತಿಯದ್ದು. ಆದರೂ ಬೇಕಂತಲೇ ಮಾಡಿದರು ಎಂದು ತೋರಿಸುವುದು ಕಬ್ಬಿಣದ ಕಡಲೆ.

ರೀಡ್ ಕೊನೆಗೆ 2025ರ ಜೂನ್ 18ರಂದು ಆ ಎರಡೂ ಆರೋಪಗಳಿಂದ ಬಿಡುಗಡೆಯಾದರು. ಮೂರನೆಯದರಲ್ಲಿ ಕುಡಿದು ಕಾರು ಓಡಿಸಿದ್ದಕ್ಕೆ ಮಾತ್ರ ತಪ್ಪಿತಸ್ಥೆ. ನೋಡಿ, ಎಲ್ಲ ಸರಿಹೋಯಿತಲ್ಲ ಎಂದವರಿದ್ದಾರೆ. ಎರಡನೇ ವಿಚಾರಣೆಯ ಖರ್ಚು, ವಾರಗಟ್ಟಲೆ ಟಿವಿ ಕ್ಯಾಮೆರಾ, ಅದನ್ನು ಯಾರು ವಾಪಸ್ ಕೊಡುತ್ತಾರೆ?

ಅಪೀಲು ಮುಗಿಯುವವರೆಗೆ ವಿಚಾರಣೆಗೆ ತಡೆ ಸಿಕ್ಕರೆ ಎಲ್ಲರಿಗೂ ಹಬ್ಬವೇನಲ್ಲ, ಅದನ್ನೂ ಹೇಳಬೇಕು. ಸಾಕ್ಷಿಗಳ ನೆನಪು ಮಸುಕಾಗುತ್ತದೆ. ಸತ್ತವರ ಮನೆಯವರು ಕಾಯುತ್ತಾರೆ. ಫೆಡರಲ್ ಕಾನೂನಿನಲ್ಲಿ ಮರುವಿಚಾರಣೆಗೆ 70 ದಿನದ ಗಡುವಿದೆ, ಆದರೆ ಅಪೀಲಿಗೆ ಹಿಡಿದ ಸಮಯ ಆ ಲೆಕ್ಕಕ್ಕೆ ಬರುವುದಿಲ್ಲ. ಜೈಲಿನಲ್ಲಿರುವ ಕಕ್ಷಿದಾರರಿಗೆ ಅಪೀಲಿನ ಮಾತು ತೆಗೆದರೆ, ಅಲ್ಲಿವರೆಗೆ ನಾನು ಒಳಗೇ ಇರಬೇಕಾ ಎಂದು ಮೊದಲು ಕೇಳುತ್ತಾರೆ. ಅದಕ್ಕೇ ನಮ್ಮ ವಕೀಲರು ತಡೆ ಅರ್ಜಿ ಟೈಪ್ ಮಾಡಲು ಹೇಳಿದಾಗಲೆಲ್ಲ ಜಾಮೀನು ಅರ್ಜಿಯನ್ನೂ ಜೊತೆಗೇ ಬರೆಸುತ್ತಾರೆ.