ಪರದೆಗೇ ಗದರಿದ ಅಜ್ಜಾರು

ಧಾರವಾಡದಲ್ಲಿ ನಮ್ಮ ಫಿಲ್ಮ್ ಸೊಸೈಟಿಯವರ ಹೊರದೇಶದ ಸಿನಿಮಾ ಸರಣಿ ಶುರುವಾಗಿದೆ. ನಿನ್ನೆ ಇರಾನಿನ ಅಬ್ಬಾಸ್ ಕಿಯರೋಸ್ತಮಿ 1987ರಲ್ಲಿ ಮಾಡಿದ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್?' ಹಾಕಿದ್ದರು. ಗೆಳೆಯನ ನೋಟ್‌ಬುಕ್ ತಪ್ಪಿ ತನ್ನ ಹತ್ತಿರ ಬಂದಿದೆ, ಇವತ್ತೇ ಕೊಡದಿದ್ದರೆ ನಾಳೆ ಮಾಸ್ತರರು ಅವನನ್ನು ಶಾಲೆಯಿಂದಲೇ ಹೊರಗೆ ಹಾಕ್ತಾರೆ ಅಂತ ಹುಡುಗನೊಬ್ಬ ಗುಡ್ಡ ಹತ್ತಿ ಪಕ್ಕದೂರಿಗೆ ಓಡುತ್ತಾನೆ, ಮನೆ ಎಲ್ಲಿ ಅಂತ ಮಾತ್ರ ಗೊತ್ತಿಲ್ಲ. ಇಷ್ಟೇ ಕಥೆ. ದೊಡ್ಡವರು ಅವನ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ, ಸಿಟ್ಟು ಬರುವುದೇ ಅಲ್ಲಿ. ಪಕ್ಕದಲ್ಲಿದ್ದ ಅಜ್ಜಾರು ತಡೀಲಾರದೆ, "ಏ, ಆ ಹುಡುಗ ಏನ್ ಹೇಳಾಕತ್ತೈತಿ, ಒಂದೀಟು ಕೇಳ್ರಿ!" ಅಂತ ಪರದೆಗೇ ಗದರಿದರು. ಎಲ್ಲರೂ ನಕ್ಕೆವು. ಒಬ್ಬನೇ ಮೊಬೈಲಿನಲ್ಲಿ ನೋಡಿದ್ದರೆ ಸುಮ್ನೆ ಅರ್ಧಕ್ಕೇ ಬಿಡುತ್ತಿದ್ದೆನೋ ಏನೋ. ಮುಂದಿನ ವಾರವೂ ಇದೆ, ಟಿಕೆಟ್ ಇಲ್ಲ, ಬನ್ನಿ. ಫ್ಯಾನಿನ ಸದ್ದು ಸ್ವಲ್ಪ ಜಾಸ್ತಿ, ಮುಂದೆ ಕೂತುಕೊಳ್ಳಿ.